ಮನಸ್ಸಿನ ಬೇನೆಗೆ ಕಲಿತ ಕೈ ಬೇಕು
ಮಗಳು ಸೈಕಾಲಜಿ ಓದುತ್ತೇನೆ ಎಂದರೆ ನಾವು ತಿಳಿದಿರಬೇಕಾದ ಸಂಗತಿಗಳು



ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಕಂತು, ಬಡ್ಡಿಯ ಲೆಕ್ಕ ಎಲ್ಲ ಮುಗಿದ ಮೇಲೆ ನಾವು ಹೆಚ್ಚಾಗಿ ಮಾತಾಡುವುದು ಎರಡು ವಿಷಯ. ಒಂದು, ನಮ್ಮ ಬೇನೆ-ಬೇಸರ. ಇನ್ನೊಂದು, ಮಕ್ಕಳ ಓದು. ಈ ಸಲದ ಲೇಖನದಲ್ಲಿ ಈ ಎರಡೂ ಒಂದೇ ಕಡೆ ಸೇರಿವೆ.

ಈಗೀಗ ಕಾಲೇಜಿಗೆ ಹೋಗುವ ಕೆಲವು ಹೆಣ್ಣುಮಕ್ಕಳು "ಅವ್ವಾ, ನಾ ಸೈಕಾಲಜಿ ಓದ್ತೀನಿ" ಅಂತ ಕೇಳಲತ್ತಾರೆ. ಮನೆಯಲ್ಲಿ ಬರುವ ಉತ್ತರ ನಮಗೆಲ್ಲ ಗೊತ್ತೇ ಇದೆ. "ಅದು ಓದಿ ಏನ್ ಮಾಡ್ತಿ? ಹುಚ್ಚರ ನಡುವ ಕೂಡ್ತಿಯೇನು? ಬಿ.ಎಡ್. ಮಾಡು, ಇಲ್ಲಾ ಲಗ್ನ ಆಗು." ಹೀಗೆ ಹೇಳುವ ತಾಯಿಯ ತಪ್ಪಿಲ್ಲ. ಈ ಓದು ಏನು, ಎಷ್ಟು ವರ್ಷ, ಎಲ್ಲಿ ಸಿಗುತ್ತದೆ, ಕೊನೆಗೆ ಕೆಲಸ ಏನು ಎಂಬುದನ್ನು ಯಾರೂ ಆಕೆಗೆ ಬಿಡಿಸಿ ಹೇಳಿಲ್ಲ. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಈ ಬೇನೆ ಎಲ್ಲರ ಮನೆಯಲ್ಲೂ ಇದೆ

2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುವುದು ಅದರಲ್ಲಿ ಕಂಡುಬಂತು. ಇದರಲ್ಲಿ ಕುಡಿತದಂಥ ಚಟಗಳೂ ಸೇರಿವೆ. ಇನ್ನೂ ಚಿಂತೆಯ ಮಾತೆಂದರೆ, ಬೇನೆ ಇದ್ದವರಲ್ಲಿ ಚಿಕಿತ್ಸೆ ಸಿಗದೆ ಉಳಿದವರೇ ಹೆಚ್ಚು. ಬೇರೆ ಬೇರೆ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92 ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. 20 ಸದಸ್ಯರ ನಮ್ಮ ಒಂದು ಸಂಘವನ್ನು ಲೆಕ್ಕ ಹಾಕಿದರೆ, ಇಬ್ಬರು ಅಕ್ಕಂದಿರು ಸುಮ್ಮನೆ ನೋವು ನುಂಗಿಕೊಂಡು ಕುಳಿತಿರಬಹುದು.

ನಾವು ಇದನ್ನು ಮಾನಸಿಕ ತೊಂದರೆ ಎಂದು ಕರೆಯುವುದಿಲ್ಲ. "ಎದಿ ಧಸಕ್ ಅಂತದ", "ಜೀವಕ್ಕ ಸಮಾಧಾನ ಇಲ್ಲ", "ನಿದ್ದಿ ಹತ್ತವಲ್ದು", "ಗಾಳಿ ಬಡದದ" ಅಂತೀವಿ. ಮೊದಲು ದೇವರ ಗುಡಿ-ದರ್ಗಾ ತಿರುಗಿ, ಆಮೇಲೆ ಇಂಜೆಕ್ಷನ್ ಹಾಕಿಸಿಕೊಂಡು, ಕೊನೆಗೆ ಸಾಲ ಮಾಡಿ ಸ್ಕ್ಯಾನಿಂಗ್ ಮಾಡಿಸುತ್ತೇವೆ. ರಿಪೋರ್ಟ್ ನಾರ್ಮಲ್ ಬರುತ್ತದೆ. ಬೇನೆ ಮಾತ್ರ ಹಾಗೇ ಇರುತ್ತದೆ.

ಯಾರು ಯಾವ ಚಿಕಿತ್ಸೆ ಕೊಡುತ್ತಾರೆ?

ಮನಸ್ಸಿನ ಆರೋಗ್ಯಕ್ಕೆ ಕೆಲಸ ಮಾಡುವವರು ಒಂದೇ ತರಹದವರಲ್ಲ. ಇವರ ವ್ಯತ್ಯಾಸ ತಿಳಿದರೆ ಮಗಳ ಓದಿನ ದಾರಿಯೂ ತಿಳಿಯುತ್ತದೆ, ನಮಗೆ ಬೇನೆ ಬಂದಾಗ ಯಾರ ಹತ್ತಿರ ಹೋಗಬೇಕು ಎಂಬುದೂ ತಿಳಿಯುತ್ತದೆ.

1. ಮನೋವೈದ್ಯರು: ಇವರು ಎಂ.ಬಿ.ಬಿ.ಎಸ್. ಮುಗಿಸಿ, ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ.ಯಂಥ ಓದು ಮಾಡಿದ ಡಾಕ್ಟರು. ಗುಳಿಗೆ, ಔಷಧ ಬರೆದುಕೊಡುತ್ತಾರೆ.

2. ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರು: ಸೈಕಾಲಜಿಯಲ್ಲಿ ಡಿಗ್ರಿ, ಸ್ನಾತಕೋತ್ತರ ಪದವಿ ಮಾಡಿ, ಅದರ ಮೇಲೆ ಆಸ್ಪತ್ರೆಯಲ್ಲಿ ವಿಶೇಷ ತರಬೇತಿ ಪಡೆದವರು. ಔಷಧ ಬರೆಯುವುದಿಲ್ಲ. ಮಾತು, ಅಭ್ಯಾಸ, ಪರೀಕ್ಷೆಗಳ ಮೂಲಕ ಚಿಕಿತ್ಸೆ ಮಾಡುತ್ತಾರೆ. ಮಕ್ಕಳ ಬುದ್ಧಿಮಟ್ಟದ ಪರೀಕ್ಷೆ ಮಾಡುವವರೂ ಇವರೇ.

3. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು: ಎಂ.ಎಸ್.ಡಬ್ಲ್ಯೂ. ಓದಿ ತರಬೇತಿ ಪಡೆದವರು. ರೋಗಿಯ ಮನೆ, ಸಂಸಾರ, ಕೆಲಸ, ಸರ್ಕಾರಿ ಸೌಲಭ್ಯಗಳ ಕಡೆ ಗಮನ ಕೊಡುತ್ತಾರೆ.

4. ಮನೋವೈದ್ಯಕೀಯ ನರ್ಸ್: ನರ್ಸಿಂಗ್ ಓದಿ, ಮಾನಸಿಕ ರೋಗಿಗಳ ಆರೈಕೆಯಲ್ಲಿ ವಿಶೇಷ ಓದು ಮಾಡಿದವರು.

5. ಆಪ್ತಸಮಾಲೋಚಕರು, ಅಂದರೆ ಕೌನ್ಸೆಲರ್: ಶಾಲೆ, ಆಸ್ಪತ್ರೆ, ಸಖಿ ಕೇಂದ್ರ ಮುಂತಾದ ಕಡೆ ಸಲಹೆ, ಸಾಂತ್ವನ ಕೊಡುವವರು. ಇವರಲ್ಲಿ ಚೆನ್ನಾಗಿ ಓದಿದವರೂ ಇದ್ದಾರೆ, ಎರಡು ದಿನದ ತರಬೇತಿಗೆ ಹೋಗಿ ಬಂದು ಬೋರ್ಡು ಹಾಕಿಕೊಂಡವರೂ ಇದ್ದಾರೆ. ಇಲ್ಲಿಯೇ ನಾವು ಹುಷಾರಾಗಿರಬೇಕು.

ಡಿಗ್ರಿ ಒಂದೇ ಸಾಲುವುದಿಲ್ಲ, ಯಾಕೆ?

ಬಹಳ ಜನ ತಾಯಂದಿರು ಕೇಳುವ ಪ್ರಶ್ನೆ ಇದು. "ಎಂ.ಎ. ಅಂದ್ರೆ ದೊಡ್ಡ ಓದು. ಅದು ಮುಗದ ಮ್ಯಾಲ ಮತ್ತ್ಯಾಕ ಎರಡು ವರ್ಷ?"

ಜೋಳದ ರೊಟ್ಟಿ ಮಾಡುವುದನ್ನು ಪುಸ್ತಕದಲ್ಲಿ ಓದಿ ಕಲಿಯಲಿಕ್ಕೆ ಆಗುತ್ತದೆಯೇ? ಹಿಟ್ಟಿಗೆ ಎಷ್ಟು ಬಿಸಿನೀರು, ಎಷ್ಟು ನಾದಬೇಕು ಎಂದು ಬರೆಯಬಹುದು. ಆದರೆ ಅವ್ವ ಪಕ್ಕದಲ್ಲಿ ಕೂತು "ಹಾಂಗಲ್ಲ, ಹೀಂಗ ಬಡಿ" ಅಂತ ತಿದ್ದಿದ ಮೇಲೆಯೇ ರೊಟ್ಟಿ ಹರಿಯದೆ ಬರುತ್ತದೆ. ಮನಸ್ಸಿನ ಚಿಕಿತ್ಸೆಯೂ ಹಾಗೆಯೇ. ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಎಂ.ಎ. ಓದು ಕಲಿಸುತ್ತದೆ. ಅಳುತ್ತಾ ಎದುರು ಕೂತ ಮನುಷ್ಯನಿಗೆ ಏನು ಕೇಳಬೇಕು, ಏನು ಕೇಳಬಾರದು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಹಿರಿಯರ ಕಣ್ಣಳತೆಯಲ್ಲಿ ಮಾಡಿಯೇ ಕಲಿಯಬೇಕು.

ಒಂದು ಉದಾಹರಣೆ ನೋಡೋಣ. ಒಬ್ಬ ಅಕ್ಕನಿಗೆ ಸಂತೆಗೆ ಹೋದಾಗ ಎದೆ ಬಡಿತ ಜೋರಾಗಿ, ಬೆವರು ಬಂದು, "ಈಗ ಸತ್ತೇ ಹೋಗ್ತೀನಿ" ಎಂಬ ಭಯ ಬರುತ್ತದೆ ಎಂದುಕೊಳ್ಳಿ. ಇ.ಸಿ.ಜಿ. ಸರಿ ಇದೆ. ಅಂದಿನಿಂದ ಆಕೆ ಮನೆ ಬಿಟ್ಟು ಹೊರಗೇ ಬರುತ್ತಿಲ್ಲ. ಕಲಿಯದವರು "ಧೈರ್ಯ ತಗೋ ಯವ್ವಾ, ಏನೂ ಆಗಂಗಿಲ್ಲ" ಎನ್ನುತ್ತಾರೆ. ಧೈರ್ಯ ತಗೊಳ್ಳಲಿಕ್ಕೆ ಆಗುತ್ತಿದ್ದರೆ ಆಕೆ ಯಾವತ್ತೋ ತಗೊಳ್ಳುತ್ತಿದ್ದಳು. ತರಬೇತಿ ಪಡೆದವರು ಬೇರೆ ರೀತಿ ಮಾಡುತ್ತಾರೆ. ಎದೆ ಬಡಿದುಕೊಂಡಾಗ ಆಕೆಯ ತಲೆಯಲ್ಲಿ ಯಾವ ವಿಚಾರ ಬರುತ್ತದೆ ಎಂದು ಮೊದಲು ಹುಡುಕುತ್ತಾರೆ. ಎದೆ ಬಡಿತ ಬೇರೆ, ಸಾವು ಬೇರೆ ಎಂಬುದನ್ನು ಆಕೆಯೇ ಕಂಡುಕೊಳ್ಳುವಂತೆ ಮಾಡುತ್ತಾರೆ. ಆಮೇಲೆ ಮೊದಲ ವಾರ ಅಂಗಳದವರೆಗೆ, ಮುಂದಿನ ವಾರ ಓಣಿಯ ಕೊನೆಯವರೆಗೆ, ನಂತರ ಬಸ್ ನಿಲ್ದಾಣದವರೆಗೆ, ಕೊನೆಗೆ ಸಂತೆಗೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕರೆದೊಯ್ಯುತ್ತಾರೆ. ವಿಚಾರ ಮತ್ತು ನಡವಳಿಕೆ ಎರಡನ್ನೂ ತಿದ್ದುವ ಈ ಪದ್ಧತಿಯಲ್ಲಿ ವಿಚಾರದ ಭಾಗವನ್ನು ಅಮೆರಿಕದ ಡಾ. ಆರನ್ ಬೆಕ್ ಅವರು 1960ರ ದಶಕದಲ್ಲಿ ಬೆಳೆಸಿದರು. ಇಂದು ಜಗತ್ತಿನಾದ್ಯಂತ ಇದು ಬಳಕೆಯಲ್ಲಿದೆ. ಇದಲ್ಲದೆ ಗಂಡ-ಹೆಂಡತಿ ಇಬ್ಬರನ್ನೂ ಕೂಡಿಸಿ ಮಾಡುವ ಚಿಕಿತ್ಸೆ, ಇಡೀ ಕುಟುಂಬದ ಚಿಕಿತ್ಸೆ, ಮಕ್ಕಳಿಗೆ ಆಟದ ಮೂಲಕ ಮಾಡುವ ಚಿಕಿತ್ಸೆ ಹೀಗೆ ಹಲವು ಬಗೆಗಳಿವೆ.

ತರಬೇತಿಯ ಇನ್ನೊಂದು ಲಾಭವನ್ನೂ ನಾವು ಮರೆಯಬಾರದು. ತನ್ನಿಂದ ಆಗದ್ದು ಯಾವುದು ಎಂಬುದು ಕಲಿತವರಿಗೆ ಗೊತ್ತಿರುತ್ತದೆ. ಥೈರಾಯ್ಡ್ ಕಡಿಮೆಯಾದರೂ ಬೇಸರ, ಸುಸ್ತು ಬರುತ್ತದೆ. ಹೆರಿಗೆಯಾದ ಮೇಲೆ ಕೆಲವು ಬಾಣಂತಿಯರಿಗೆ ಭಾರೀ ಮಾನಸಿಕ ತೊಂದರೆ ಬಂದು, ತಾಯಿ-ಮಗು ಇಬ್ಬರಿಗೂ ಅಪಾಯ ಆಗಬಹುದು. ಇಂಥವರನ್ನು ತಕ್ಷಣ ಡಾಕ್ಟರ ಹತ್ತಿರ ಕಳಿಸಬೇಕು. ಕಲಿಯದವರು ಇದನ್ನು ಗುರುತಿಸದೆ ಬರೀ ಮಾತಾಡಿಸುತ್ತಾ ಕೂತರೆ ಜೀವಕ್ಕೇ ಕುತ್ತು.

ಓದಿನ ಲೆಕ್ಕ: ಪಿ.ಯು.ಸಿ. ಆದ ಮೇಲೆ ಏಳು ವರ್ಷ

ಮೊದಲ ಮೆಟ್ಟಿಲು: ಪಿ.ಯು.ಸಿ.ಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದೇ ಇದ್ದರೂ ಸೈಕಾಲಜಿ ಇರುವ ಬಿ.ಎ.ಗೆ ಸೇರಬಹುದು. ಇದು 3 ವರ್ಷ.

ಎರಡನೇ ಮೆಟ್ಟಿಲು: ಸೈಕಾಲಜಿಯಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಇದು 2 ವರ್ಷ. ನಮ್ಮ ಕಲಬುರಗಿಯಲ್ಲಿಯೇ 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಇದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ, 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಈ ವಿಭಾಗವಿದೆ. ಕರ್ನಾಟಕಕ್ಕೆ ಈ ವಿದ್ಯೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿಯೇ ಮನಶ್ಶಾಸ್ತ್ರ ವಿಭಾಗ ಶುರುವಾಗಿತ್ತು. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ತಮ್ಮ ಮನೆಯಿಂದ 'ಆಕಾಶವಾಣಿ' ಎಂಬ ರೇಡಿಯೋ ಕೇಂದ್ರ ನಡೆಸಿದವರು.

ಮೂರನೇ ಮೆಟ್ಟಿಲು: ಆಸ್ಪತ್ರೆಯಲ್ಲಿ ಚಿಕಿತ್ಸೆಯ ತರಬೇತಿ. ಇದು 2 ವರ್ಷ, ಪೂರ್ಣಾವಧಿ. ಭಾರತದಲ್ಲಿ ಈ ತರಬೇತಿ ಮೊದಲು ಶುರುವಾದದ್ದು ಬೆಂಗಳೂರಿನಲ್ಲಿ. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ, ಮರುವರ್ಷ ಈ ಕೋರ್ಸು ಆರಂಭವಾಯಿತು. ಅದೇ ಸಂಸ್ಥೆ 1974ರಲ್ಲಿ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. ಮುಂದೆ ಈ ಕೋರ್ಸಿಗೆ ಎಂ.ಫಿಲ್. ಎಂಬ ಹೆಸರು ಬಂತು. ನಮ್ಮ ಕಡೆಯವರಿಗೆ ಹತ್ತಿರದ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯೂ ಈ ತರಬೇತಿ ಕೊಟ್ಟಿದೆ.

ಹೀಗೆ 3, 2, 2 ಕೂಡಿದರೆ 7 ವರ್ಷ. 18ಕ್ಕೆ ಪಿ.ಯು.ಸಿ. ಮುಗಿಸಿದ ಹುಡುಗಿಗೆ 25 ಆಗುತ್ತದೆ. ಮನೆಯಲ್ಲಿ ಇದೇ ದೊಡ್ಡ ಮಾತಾಗುತ್ತದೆ. "ಅಷ್ಟೊತ್ತನಾ ಲಗ್ನ ತಡೀಬೇಕಾ?" ಅಂತ ಬೀಗರು ಕೇಳುತ್ತಾರೆ. ಮಗ ಡಾಕ್ಟರಿಕೆ ಓದುತ್ತೇನೆ ಎಂದರೆ ಎಂಟು-ಒಂಬತ್ತು ವರ್ಷ ಕಾಯುವ ನಾವು, ಮಗಳ ಏಳು ವರ್ಷಕ್ಕೆ ಯಾಕೆ ಹಿಂದೆ-ಮುಂದೆ ನೋಡುತ್ತೇವೆ ಎಂಬುದನ್ನು ಸಭೆಯಲ್ಲಿ ಕೂತು ಯೋಚಿಸಬೇಕಾಗಿದೆ.

ಈಗ ಆಗಿರುವ ಬದಲಾವಣೆಗಳು

ಹಳೆಯ ಮಾಹಿತಿ ನಂಬಿ ಮಕ್ಕಳು ದಾರಿ ತಪ್ಪಬಾರದೆಂದು ಎರಡು ಮುಖ್ಯ ಸಂಗತಿಗಳನ್ನು ಇಲ್ಲಿ ತಿಳಿಸುತ್ತಿದ್ದೇವೆ.

ಒಂದು, ಎಂ.ಫಿಲ್. ಎಂಬ ಪದವಿಯನ್ನೇ ಯು.ಜಿ.ಸಿ. 2022ರ ನಿಯಮದಲ್ಲಿ ನಿಲ್ಲಿಸಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಮಾತ್ರ 2025-26ರ ಪ್ರವೇಶದವರೆಗೆ ವಿನಾಯಿತಿ ಕೊಟ್ಟಿತು. ಮುಂದೆ ಸೇರುವವರು ಹೊಸ ಹೆಸರಿನ ಕೋರ್ಸುಗಳನ್ನು ನೋಡಬೇಕು. ಹೆಸರು ಏನೇ ಇರಲಿ, ಎರಡು ಪ್ರಶ್ನೆ ಕೇಳಿ. ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್.ಸಿ.ಐ.ನ ಮಾನ್ಯತೆ ಇದೆಯೇ? ಆಸ್ಪತ್ರೆಯಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುವ ತರಬೇತಿ ಇದೆಯೇ? ಎರಡಕ್ಕೂ 'ಹೌದು' ಎಂಬ ಉತ್ತರ ಬಂದರೆ ಮಾತ್ರ ಫೀ ಕಟ್ಟಿ.

ಎರಡು, ದೂರಶಿಕ್ಷಣ. "ಮನ್ಯಾಗ ಕೂತು ಸೈಕಾಲಜಿ ಎಂ.ಎ. ಮಾಡ್ಬಹುದು" ಎಂದು ಈಗಲೂ ಕೆಲವರು ಹೇಳುತ್ತಾರೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಸೈಕಾಲಜಿ ಕೋರ್ಸಿಗೆ ಹೊಸಬರನ್ನು ಸೇರಿಸಿಕೊಳ್ಳಬಾರದೆಂದು ಯು.ಜಿ.ಸಿ. ಆದೇಶಿಸಿದೆ. ಆದ್ದರಿಂದ ಕಾಲೇಜಿಗೆ ಹೋಗಿಯೇ ಓದಬೇಕು.

ಮೋಸ ಹೋಗಬೇಡಿ

'ಮೂರು ತಿಂಗಳಲ್ಲಿ ಥೆರಪಿಸ್ಟ್ ಆಗಿ', 'ವಾರದಲ್ಲಿ ಸರ್ಟಿಫಿಕೇಟ್' ಎಂಬ ಜಾಹೀರಾತುಗಳು ಮೊಬೈಲಿನಲ್ಲಿ ಬರುತ್ತಲೇ ಇರುತ್ತವೆ. ಇಂಥ ಕೋರ್ಸಿಗೆ ಸಂಘದಿಂದ ಸಾಲ ತೆಗೆಯಬೇಡಿ. 1992ರ ಪುನರ್ವಸತಿ ಮಂಡಳಿ ಕಾಯ್ದೆಯ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ಮಂಡಳಿಯಲ್ಲಿ ಹೆಸರು ನೋಂದಣಿ ಆಗಿರಬೇಕು. ನೋಂದಣಿ ಇಲ್ಲದೆ ಮಾಡಿದರೆ ಒಂದು ವರ್ಷದವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಯಾರನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನಬೇಕು ಎಂಬುದನ್ನು ಸ್ಪಷ್ಟವಾಗಿ ಹೇಳಿದೆ.

ನೀವು ಚಿಕಿತ್ಸೆಗೆ ಹೋದಾಗಲೂ "ನಿಮ್ಮ ನೋಂದಣಿ ಸಂಖ್ಯೆ ಎಷ್ಟ್ರೀ?" ಎಂದು ಕೇಳುವುದು ತಪ್ಪಲ್ಲ. ಬ್ಯಾಂಕಿನಲ್ಲಿ ಪಾಸ್‌ಬುಕ್ ನೋಡಿ ಸಹಿ ಹಾಕುವ ನಾವು, ಮನಸ್ಸು ಬಿಚ್ಚಿ ಹೇಳುವ ಜಾಗದಲ್ಲೂ ನೋಡಿಯೇ ಕೂಡಬೇಕು. ಓದಿದ ಚಿಕಿತ್ಸಕರು ಇನ್ನೊಬ್ಬರ ಮಾತನ್ನು ಹೊರಗೆ ಹೇಳುವುದಿಲ್ಲ, ಹೊಡೆಯುವುದಿಲ್ಲ, ಹೆದರಿಸುವುದಿಲ್ಲ. ಡಾಕ್ಟರು ಕೊಟ್ಟ ಗುಳಿಗೆಯನ್ನು ತಾವೇ ನಿಲ್ಲಿಸಿ ಎಂದೂ ಹೇಳುವುದಿಲ್ಲ.

ಹಣದ ಮಾತು

ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ಸೌಲಭ್ಯವಿದೆ. ಇದರಂತೆ ಕಲ್ಯಾಣ ಕರ್ನಾಟಕದೊಳಗಿನ ರಾಜ್ಯದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟು ಸ್ಥಳೀಯರಿಗೆ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸೀಟು ನಮ್ಮವರಿಗೆ ಮೀಸಲು. ಅರ್ಹತಾ ಪತ್ರವನ್ನು ಪಿ.ಯು.ಸಿ. ಓದುವಾಗಲೇ ಮಾಡಿಸಿಟ್ಟುಕೊಳ್ಳಿ. ಕೊನೆ ಗಳಿಗೆಯಲ್ಲಿ ಓಡಾಡುವುದು ಬೇಡ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಮಕ್ಕಳಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಅವಕಾಶವಿದೆ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ 4 ಲಕ್ಷದವರೆಗೆ ಅಡಮಾನ ಕೇಳುವ ನಿಯಮವಿಲ್ಲ. ಬಡ್ಡಿ ಎಷ್ಟು, ಕಂತು ಯಾವಾಗಿನಿಂದ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಇನ್ನು ಬಸ್ಸಿನ ಖರ್ಚು. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಕಮಲಾಪುರದ ಹುಡುಗಿ ದಿನಾಲೂ ಮನೆಯಿಂದಲೇ ಕಲಬುರಗಿಗೆ ಹೋಗಿ ಎಂ.ಎ. ಮುಗಿಸಬಹುದು.

ಕೆಲಸ ಎಲ್ಲಿ? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರ ಜೊತೆ ಕ್ಲಿನಿಕಲ್ ಸೈಕಾಲಜಿಸ್ಟ್, ಸಮಾಜ ಕಾರ್ಯಕರ್ತರು, ನರ್ಸ್ ಹುದ್ದೆಗಳಿವೆ. ಮೆಡಿಕಲ್ ಕಾಲೇಜು, ಆಸ್ಪತ್ರೆ, ವ್ಯಸನಮುಕ್ತಿ ಕೇಂದ್ರ, ವಿಶೇಷ ಮಕ್ಕಳ ಶಾಲೆ, ಕಾಲೇಜುಗಳಲ್ಲೂ ಇವರು ಬೇಕು. ಎಂ.ಎ. ಆದ ಮೇಲೆ ಮುಂದೆ ಓದಲು ಆಗದಿದ್ದರೂ ಓದು ವ್ಯರ್ಥವಲ್ಲ. ಶಾಲೆಯ ಸಲಹೆಗಾರ್ತಿ, ಆರೋಗ್ಯ ಯೋಜನೆಗಳ ಆಪ್ತಸಮಾಲೋಚಕಿ ಆಗಬಹುದು. ಆದರೆ ಅವಳು ತನ್ನನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳುವಂತಿಲ್ಲ.

ನಮ್ಮ ಊರಿನ ಮಗಳೇ ಯಾಕೆ ಓದಬೇಕು?

ಮಾತಿನ ಚಿಕಿತ್ಸೆ ಒಂದು ಇಂಜೆಕ್ಷನ್‌ನಿಂದ ಮುಗಿಯುವುದಿಲ್ಲ. ವಾರಕ್ಕೊಮ್ಮೆಯಂತೆ ಎರಡು-ಮೂರು ತಿಂಗಳು ಹೋಗಬೇಕಾಗಬಹುದು. ಕಮಲಾಪುರದ ಕಡೆಯ ತಾಂಡಾದಿಂದ ಬರುವವರಿಗೆ ಪ್ರತಿ ಸಲ ಒಂದು ದಿನದ ಕೂಲಿ ಹೋಗುತ್ತದೆ. ಅಲ್ಲಿಗೆ ಹೋಗಿ ಕೂತರೂ, "ತೆಲಿ ಗಿಂವ್ ಅಂತದ" ಎಂಬ ನಮ್ಮ ಮಾತು ಎದುರಿನವರಿಗೆ ತಿಳಿಯದಿದ್ದರೆ ಏನು ಪ್ರಯೋಜನ? ಔಷಧಕ್ಕೆ ಭಾಷೆ ಇಲ್ಲ, ಮಾತಿನ ಚಿಕಿತ್ಸೆಗೆ ಭಾಷೆಯೇ ಔಷಧ. ನಮ್ಮ ಕನ್ನಡ ಬಲ್ಲ, ಲಂಬಾಣಿ ಬಲ್ಲ, ಉರ್ದು ಬಲ್ಲ ಹೆಣ್ಣುಮಕ್ಕಳು ಈ ವಿದ್ಯೆ ಕಲಿತರೆ ಅದು ಇಡೀ ತಾಲ್ಲೂಕಿಗೆ ಉಪಕಾರ.

ಓದದ ನಾವೂ ಮಾಡಬಹುದಾದ ಕೆಲಸ

"ಓದಿದವರೇ ಬೇಕೆಂದರೆ ನಾವು ಸುಮ್ಮನಿರಬೇಕೇ?" ಎಂದು ಕೇಳಬಹುದು. ಹಾಗಲ್ಲ. ನಮ್ಮ ಭಾಗದ ಬಳ್ಳಾರಿ ಜಿಲ್ಲೆಯಲ್ಲಿಯೇ 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಮತ್ತು ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವ ತರಬೇತಿ ಕೊಟ್ಟರು. ಹಳ್ಳಿಯಲ್ಲೇ ಚಿಕಿತ್ಸೆ ಸಾಧ್ಯ ಎಂದು ತೋರಿಸಿದರು. ಆ ಬಳ್ಳಾರಿ ಮಾದರಿಯನ್ನೇ ನೋಡಿ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿತು. ಗೋವಾದ ಸಂಗಾತ್ ಸಂಸ್ಥೆಯು ಈ ವಿಷಯದಲ್ಲಿ ಡಿಗ್ರಿ ಇಲ್ಲದವರಿಗೇ ತರಬೇತಿ ಕೊಟ್ಟು ಖಿನ್ನತೆಯ ರೋಗಿಗಳಿಗೆ ನೆರವಾಗಬಹುದೆಂದು ಸಿದ್ಧಮಾಡಿದೆ. ಆಫ್ರಿಕಾದ ಜಿಂಬಾಬ್ವೆಯಲ್ಲಿ ಡಾ. ಡಿಕ್ಸನ್ ಚಿಬಾಂಡಾ ಅವರು 2006ರಲ್ಲಿ ಶುರುಮಾಡಿದ 'ಗೆಳೆತನದ ಬೆಂಚು' ಯೋಜನೆಯಲ್ಲಿ ಅಜ್ಜಿಯರು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ದುಃಖಿತರ ಮಾತು ಕೇಳುತ್ತಾರೆ.

ಆದರೆ ಒಂದು ಮಾತು ಗಮನಿಸಿ. ಈ ಎಲ್ಲ ಕಡೆಯೂ ಸಾಮಾನ್ಯ ಜನರಿಗೆ ತರಬೇತಿ ಸಿಕ್ಕಿತ್ತು, ಹಿಂದೆ ಓದಿದವರ ಮೇಲ್ವಿಚಾರಣೆ ಇತ್ತು. ಓದಿದವರು ಇಲ್ಲದಿದ್ದರೆ ಅಜ್ಜಿಯ ಬೆಂಚೂ ನಿಲ್ಲುವುದಿಲ್ಲ.

ನಾವು ಇಂದಿನಿಂದಲೇ ಮಾಡಬಹುದಾದದ್ದು:

- ಸಭೆಗೆ ಬರುವುದನ್ನು ಬಿಟ್ಟ, ಮಾತು ಕಡಿಮೆ ಮಾಡಿದ, ಊಟ-ನಿದ್ದೆ ಬಿಟ್ಟ ಸದಸ್ಯೆಯ ಮನೆಗೆ ಇಬ್ಬರು ಹೋಗಿ ಮಾತಾಡಿಸಿ. ಬುದ್ಧಿ ಹೇಳಬೇಡಿ, ಮೊದಲು ಕೇಳಿಸಿಕೊಳ್ಳಿ.
- "ಜೀವಾ ಬ್ಯಾಡಾಗ್ಯದ" ಎಂದು ಯಾರಾದರೂ ಅಂದರೆ ಅದನ್ನು ಹಗುರಾಗಿ ತಗೊಳ್ಳಬೇಡಿ. ಒಂಟಿಯಾಗಿ ಬಿಡಬೇಡಿ. ಹೊಲದ ಔಷಧವನ್ನು ಕೈಗೆ ಸಿಗದಂತೆ ಬೀಗ ಹಾಕಿಡಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.
- 14416 ಟೆಲಿ-ಮಾನಸ್ ಸಂಖ್ಯೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸರ್ಕಾರಿ ಸೇವೆ ಉಚಿತ, ಹಗಲು-ರಾತ್ರಿ ಲಭ್ಯ, ಕನ್ನಡದಲ್ಲಿ ಮಾತಾಡಬಹುದು. ಸಂಘದ ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.
- ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿದುಕೊಳ್ಳಿ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದ ಮನೆಗಳಲ್ಲಿ ಪಿ.ಯು.ಸಿ. ಅಥವಾ ಡಿಗ್ರಿ ಓದುತ್ತಿರುವ ಹೆಣ್ಣುಮಕ್ಕಳು ಎಷ್ಟು? ಅವರಿಗೆ ಈ ಓದಿನ ವಿಷಯ ಗೊತ್ತೇ?
2. ಅವರಲ್ಲಿ ಯಾರ ಬಳಿ 371(ಜೆ) ಪತ್ರ ಇಲ್ಲ?
3. ಒಬ್ಬ ಹುಡುಗಿ ಏಳು ವರ್ಷ ಓದುತ್ತೇನೆ ಎಂದರೆ, ಅವಳ ತಾಯಿಗೆ ಸಂಘ ಯಾವ ರೀತಿ ಬೆನ್ನು ಕೊಡಬಹುದು?

ಸಹೋದರಿಯರೇ, ಒಂದು ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ನರ್ಸ್ ಕೆಲಸಕ್ಕೆ ಮಗಳನ್ನು ಕಳಿಸಲಿಕ್ಕೂ ಜನ ಹಿಂಜರಿಯುತ್ತಿದ್ದರು. ಇಂದು ನರ್ಸಮ್ಮ ಓಣಿಗೆ ಬಂದರೆ ಎದ್ದು ನಿಂತು ಚಾಪೆ ಹಾಸುತ್ತೇವೆ. ಮನಸ್ಸಿನ ಬೇನೆ ನೋಡುವ ಮಗಳಿಗೂ ಆ ಮರ್ಯಾದೆ ಬರುತ್ತದೆ. ಅಲ್ಲಿಯವರೆಗೆ ಅವಳಿಗೆ ಓದುವ ಅವಕಾಶ ಕೊಡುವುದು ನಮ್ಮ ಕೈಯಲ್ಲಿದೆ.